ಕೊರಡಿನೊಳಗಿನ ದ್ವೀಪ

ಜನವರಿ 9

ಗುಬ್ಬಿ,

ನಿನ್ನ ಕಾಗದಗಳೆಲ್ಲ ಬಂದಿವೆ. ಉತ್ತರ ಬರೆಯಬಾರದೆಂದೇ ಬರೆಯದೆ ಕೂತಿದ್ದೆ. ನಿನ್ನ ಅಣ್ಣನನ್ನು ಕೊನೆಯ ಸಲ ಕಳಿಸಿಕೊಟ್ಟು ಮನೆಗೆ ಬಂದ ಸಂಜೆ, ನಾನಿನ್ನೂ ಚಪ್ಪಲಿ ಕೂಡ ಬಿಟ್ಟಿರಲಿಲ್ಲ, "ಅತ್ತಿಗೆ, ಆ ಕೊರಡು ಎಲ್ಲಿದೆ?" ಎಂದು ಕೇಳಿದೆಯಲ್ಲ, ಆ ಮಾತು ಇನ್ನೂ ಚುಚ್ಚುತ್ತಿದೆ. ಆಮೇಲೆ ಬಂದ ಕಾಗದಗಳಲ್ಲೂ ಅದೇ ರಾಗ. ಕೊರಡು ಕಳಿಸಿ, ಕೊರಡು ಜೋಪಾನ. ನೀವು ಊಟ ಮಾಡುತ್ತಿದ್ದೀರಾ ಎಂಬ ಮಾತು ಎಲ್ಲೋ ಕೊನೆಯ ಸಾಲಿನಲ್ಲಿ.

ಈಗ ನಾನೇ ಬರೆಯುವ ಹಾಗಾಗಿದೆ. ಹೋದ ವಾರ ಕೆಳಮನೆಯ ನರ್ಸಮ್ಮ ಒಗೆದ ಬಟ್ಟೆಯ ಬುಟ್ಟಿ ಹಿಡಿದು ತಾರಸಿಗೆ ಹೊರಟಿದ್ದರು. ಮೊದಲ ತಿರುವಿನಲ್ಲಿ ಮರದ ಮೆಟ್ಟಿಲು ಬಿಸ್ಕತ್ತಿನ ಹಾಗೆ ಮುರಿದುಹೋಯಿತು. ಸೊಂಟದ ಮೂಳೆ ಮುರಿದಿದೆ. ಈ ಬೀದಿಯ ಎಷ್ಟೋ ಮಕ್ಕಳನ್ನು ಮೊದಲು ಎತ್ತಿಕೊಂಡ ಕೈ ಅದು, ಈಗ ಒಂದು ಲೋಟ ನೀರಿಗೆ ಇನ್ನೊಬ್ಬರ ದಾರಿ ನೋಡುತ್ತಿದೆ. ಬಡಗಿ ಬಂದು ಮುರಿದ ಹಲಗೆ ಎತ್ತಿದ. ಮೇಲೆ ಬಣ್ಣ ಹೊಳೆಯುತ್ತಿದೆ, ಒಳಗೆ ಏನೂ ಇಲ್ಲ. ಹಲಗೆ ಕೊಡವಿದಾಗ ಗಸಗಸೆಯಂಥ ಕಾಳು ಸುರಿಯಿತು. ಮನೆ ಮಾಲೀಕ ಎಲ್ಲರಿಗೂ ಕೇಳುವ ಹಾಗೆ ಹೇಳಿದ: "ಹುಳ ಸಾಕೋರಿಗೆ ಮನೆ ಕೊಟ್ರೆ ಇನ್ನೇನಾಗುತ್ತೆ? ಹುಳದ ಮೇಷ್ಟ್ರು ತಾವು ಹೋದ್ರು, ಪಿಡುಗು ನಮಗೆ ಬಿಟ್ಟುಹೋದ್ರು."

ಆ ಕಾಳು ನನಗೆ ಗೊತ್ತಿತ್ತು. ಅಂಗಡಿಯಲ್ಲಿ ದಿನವಿಡೀ ಕನ್ನಡಕದ ಗಾಜು ಅರೆಯುವವಳು ನಾನು, ಕಣ್ಣಿಗೆ ಸಿಕ್ಕಿಸುವ ಭೂತಗನ್ನಡಿ, ಆ ಲೂಪ್, ಸದಾ ಚೀಲದಲ್ಲಿರುತ್ತದೆ. ಒಂದು ಚಿಟಿಕೆ ತಂದು ನೋಡಿದೆ. ಆರು ಮುಖದ ಕಾಳು, ಗೆದ್ದಲಿನ ಹಿಕ್ಕೆ. ನಿನ್ನ ಅಣ್ಣನ ಕೋಣೆಯ ಕೊರಡಿನ ಕೆಳಗೂ ಅದೇ ಆರು ಮುಖದ ಕಾಳು ಬೀಳುತ್ತಿದೆ.

ಕಾಯಿಲೆ ಶುರುವಾಗಿ ಅವರು ಲ್ಯಾಬಿಗೆ ಹೋಗಲಾರದೆ ಹೋದಾಗ ದ್ವೀಪದಿಂದ ತಂದ ಆ ಗೆದ್ದಲಿನ ಕೊರಡನ್ನು ಮನೆಗೆ ತರಿಸಿಕೊಂಡರಲ್ಲ, ಅದು ತಪ್ಪೆಂದು ಅವರಿಗೂ ಗೊತ್ತಿತ್ತು. "ಗಾಜಿನ ಪೆಟ್ಟಿಗೆಯಲ್ಲಿ ಇರುತ್ತೆ ಬಿಡೇ" ಎಂದರು. ಆ ವರ್ಷವೇ ಒಂದು ಬೆಳಿಗ್ಗೆ ಮೇಜಿನ ದೀಪದ ಸುತ್ತ ಉದುರಿದ ರೆಕ್ಕೆಗಳು. ಔಷಧಿಯಿಂದ ಅವರ ಕಣ್ಣು ಮಂಜಾಗಿತ್ತು, ನಾನೇ ಲೂಪ್ ಹಾಕಿ ನೋಡಿ ಹೇಳಿದೆ. ಮಗುವಿನ ಹಾಗೆ ಚಪ್ಪಾಳೆ ತಟ್ಟಿದರು. "ನನ್ನ ದ್ವೀಪ ಹಾರ್ತಾ ಇದೆ!" ಪೆಟ್ಟಿಗೆಯ ಮುಚ್ಚಳ ಸರಿಯಾಗಿ ಕೂರುತ್ತಿರಲಿಲ್ಲ ಎನ್ನುವುದನ್ನು ಇಬ್ಬರೂ ಗಮನಿಸಲಿಲ್ಲ.

ಹಾರಿದ್ದು ಎಲ್ಲಿಗೆ, ಗುಬ್ಬಿ? ಮೆಟ್ಟಿಲಿಗೇ? ಕಂಡುಹಿಡಿಯುವ ದಾರಿ ನಿನಗೆ ಗೊತ್ತು. ಫೋನ್ ಮಾಡಬೇಡ. ಫೋನಿನಲ್ಲಿ ಅಳು ಬಂದುಬಿಡುತ್ತದೆ. ಕಾಗದದಲ್ಲಿ ಬಂದರೆ ನಿನಗೆ ಕಾಣುವುದಿಲ್ಲ.

ನಿನ್ನ ಅತ್ತಿಗೆ


ಜನವರಿ 28

ಅತ್ತಿಗೆಗೆ ನಮಸ್ಕಾರಗಳು.

ನಿಮ್ಮ ಕಾಗದವನ್ನು ನಾನು ಕೆಲಸ ಮಾಡುವ ಮ್ಯೂಸಿಯಂನ ಊಟದ ಕೋಣೆಯಲ್ಲಿ ಓದಿದೆ. ಮೊದಲ ಪ್ಯಾರಾ ದಾಟಲು ಬಹಳ ಹೊತ್ತು ಬೇಕಾಯಿತು. ನರ್ಸಮ್ಮನಿಗೆ ನೋವು ಈಗ ಹೇಗಿದೆ?

ಕಂಡುಹಿಡಿಯಬಹುದು. ಮೆಟ್ಟಿಲಿನ ಕೆಲವು ಹುಳ, ಕೊರಡಿನ ಕೆಲವು ಹುಳ, ಬೇರೆ ಬೇರೆ ಸೀಸೆಯಲ್ಲಿ ಸ್ಪಿರಿಟ್‌ಗೆ ಹಾಕಿ ಕಳಿಸಿ. ಅರೆದು, ಒಳಗಿನ ವಂಶವಾಹಿ ಓದಿದರೆ ಯಾವುದು ಯಾವ ಮನೆತನ, ಎಷ್ಟು ಹಿಂದೆ ಬೇರೆಯಾಯಿತು ಎನ್ನುವುದು ತಿಳಿಯುತ್ತದೆ. ಕಾಳು, ರೆಕ್ಕೆ ನೋಡಿ ಹೇಳಲಾಗದು. ಈ ಜಾತಿಯವೆಲ್ಲ ಒಂದೇ ಥರ ಕಾಣುತ್ತವೆ. ದ್ವೀಪದವುಗಳಲ್ಲಿ ಕಾವಲಿನ ಹುಳದ ಹಣೆಯ ಮೇಲೆ ಮಾತ್ರ ಎರಡು ಗುಬುಟು ಇರುತ್ತವೆ. ಅಣ್ಣ ಬರೆದ ಆ ಚಿತ್ರ ನನ್ನ ಮೇಜಿನ ಮೇಲೆಯೇ ಇದೆ. ಬಿರಡೆಯಂಥ ಕಪ್ಪು ತಲೆ. ಶತ್ರು ಬಂದರೆ ಅದು ಕಚ್ಚಾಡುವುದಿಲ್ಲ, ತಲೆಯನ್ನೇ ಸುರಂಗಕ್ಕೆ ತುರುಕಿ ಬಾಗಿಲಾಗಿ ನಿಂತುಬಿಡುತ್ತದೆ.

ಕೊರಡಿನ ಚಿಂತೆ ನನಗೆ ಯಾಕೆ ಇಷ್ಟು ಎಂದು ನಿಮಗೆ ಅನ್ನಿಸಿರಬಹುದು. ಅಣ್ಣ ಯಾವಾಗಲೂ ಹೇಳುತ್ತಿದ್ದ, "ಗೆದ್ದಲನ್ನ ಇರುವೆಯ ನೆಂಟ ಅಂದ್ಕೋತಾರೆ. ಅದು ಜಿರಳೆಯ ಮೊಮ್ಮಗ ಕಣೇ." ಹದಿನೈದು ಕೋಟಿ ವರ್ಷಗಳ ಹಿಂದೆ, ಡೈನೋಸಾರ್‌ಗಳ ಕಾಲದಲ್ಲಿ, ಮರ ತಿನ್ನುವ ಯಾವುದೋ ಜಿರಳೆಯ ಸಂಸಾರ ಮರದೊಳಗೇ ಉಳಿದು ಗೆದ್ದಲಾಯಿತು. ನೆಲವೆಲ್ಲ ಹತ್ತಿರ ಹತ್ತಿರ ಇದ್ದಾಗ ನಡೆದು ಹರಡಿತು. ಆಮೇಲೆ ನೆಲಗಳು ದೂರವಾದವು, ನಡುವೆ ಸಮುದ್ರ ಬಂತು. ಒಣಮರದ ಗೆದ್ದಲಿಗೆ ಮಣ್ಣು ಬೇಡ, ಒಂದು ಕೊರಡು ಸಿಕ್ಕರೆ ಅದೇ ಮನೆ, ಅದೇ ಊಟ. ಹೊಳೆಯ ನೆರೆಗೆ ಕೊಚ್ಚಿಕೊಂಡು ಹೋದ ಮರದಲ್ಲಿ ಕೂತು ಸಮುದ್ರ ಸೇರಿದವುಗಳಲ್ಲಿ ಲೆಕ್ಕವಿಲ್ಲದಷ್ಟು ಮುಳುಗಿಹೋದವು. ಕೋಟಿ ವರ್ಷಗಳಲ್ಲಿ ಕೆಲವೇ ಸಲ ಒಂದೊಂದು ದಡ ಮುಟ್ಟಿತು. ನಮ್ಮ ಕಾಲದಲ್ಲಿ ಹಡಗು ಬಂತು, ಮೇಜು ಕುರ್ಚಿಯೊಳಗೆ ಕೂತು ಪುಕ್ಕಟೆ ಪ್ರಯಾಣ ಮಾಡುತ್ತಿವೆ.

ಆ ದ್ವೀಪದ ಗೆದ್ದಲು ಹಡಗಿನಲ್ಲಿ ಬಂದದ್ದಲ್ಲ, ಮನುಷ್ಯ ಹುಟ್ಟುವ ಮೊದಲೇ ತಾನಾಗಿ ತೇಲಿಬಂದದ್ದು ಎಂದು ಅಣ್ಣ ಬರೆದ. ಎಲ್ಲರೂ ನಕ್ಕರು. ಆ ದಡದ ಕಾಡನ್ನು ಬಂದರಿಗಾಗಿ ಸವರಿಹಾಕಿದ್ದಾರೆ. ಅಲ್ಲಿಂದ ಬಂದದ್ದೆಂದು ಉಳಿದಿರುವುದು ನಿಮ್ಮ ಕಿಟಕಿಯ ಕೆಳಗಿನ ಕೊರಡೊಂದೇ.

ಮುಚ್ಚುಮರೆ ಬೇಡ. ಕೊರಡಿನದು ದ್ವೀಪದ್ದಾಗಿ ಮೆಟ್ಟಿಲಿನದು ಬೇರೆಯಾದರೆ ಒಳ್ಳೆಯದೇ ಆಯಿತು, ಆದರೆ ಒಂದೇ ಮನೆಯೊಳಗೆ ಎರಡು ಮನೆತನ ಇರುವುದು ಅಪರೂಪ. ಎರಡೂ ಒಂದೇ ಆಗಿ ದ್ವೀಪದ ಮನೆತನದ್ದಾಗಿದ್ದರೆ ಅಣ್ಣ ಹೇಳಿದ್ದು ನಿಜ, ಆದರೆ ಮೆಟ್ಟಿಲಿಗೆ ಹುಳ ತಂದವನೂ ಅವನೇ. ಎರಡೂ ಒಂದೇ ಆಗಿ ಊರ ಹುಳವಾಗಿದ್ದರೆ ಅವನ ಮೇಲಿನ ಅಪವಾದ ಕಳೆಯಿತು, ಆದರೆ ಅವನ ಕೈಯಲ್ಲಿದ್ದ ಸಾಕ್ಷಿಯೂ ಹೋಯಿತು. ನಾನು ಯಾವುದನ್ನು ಬಯಸುತ್ತೇನೆಂದು ನಿಮಗೆ ಗೊತ್ತು. ಬಯಸಿದ್ದಕ್ಕೆ ನಾಚಿಕೆಯೂ ಆಗುತ್ತದೆ.

ನಿಮ್ಮ
ಗುಬ್ಬಿ


ಫೆಬ್ರವರಿ 14

ಗುಬ್ಬಿ,

ಎತ್ತು ಏರಿಗೆ, ಕೋಣ ನೀರಿಗೆ. ನೀನು ಗೆಲ್ಲಬೇಕಾದರೆ ನಿನ್ನ ಅಣ್ಣ ನರ್ಸಮ್ಮನ ಸೊಂಟ ಮುರಿದವರಾಗಬೇಕು. ನಾನು ಗೆಲ್ಲಬೇಕಾದರೆ ಅವರು ಇಪ್ಪತ್ತು ವರ್ಷ ದುಡಿದದ್ದು ನೀರಿನಲ್ಲಿ ಹೋಮವಾಗಬೇಕು. ಇಂಥ ಪರೀಕ್ಷೆಗೆ ಯಾಕೆ ಸೀಸೆ ತುಂಬಿಸಿ ಕಳಿಸಲಿ? ಕಳಿಸುವುದಿಲ್ಲ.

ದಿನಾ ಬೆಳಿಗ್ಗೆ ಅಂಗಡಿಗೆ ಹೋಗುವ ಮೊದಲು ನರ್ಸಮ್ಮನ ಕೈಕಾಲು ಒರೆಸಿ, ಹಾಲು ಬ್ರೆಡ್ಡು ಕೊಟ್ಟು ಬರುತ್ತೇನೆ. "ನಿನ್ನಂಥ ಮಗಳು ನನಗೆ ಹುಟ್ಟಬೇಕಿತ್ತು" ಎನ್ನುತ್ತಾರೆ. ಆಗೆಲ್ಲ ಮುಖ ಎತ್ತಿ ನೋಡಲಾಗುವುದಿಲ್ಲ. ಅವರ ಪಾಲಿಗೆ ನಾನು ಉಪಕಾರಿ. ನನ್ನ ಪಾಲಿಗೆ ನಾನು ಏನೆಂದು ನನಗೇ ಗೊತ್ತಿಲ್ಲ. ಅತ್ತ ದರಿ, ಇತ್ತ ಪುಲಿ.

ಇನ್ನೊಂದು ಮಾತು. ಸಂಜೆ ಬಂದು ದೀಪ ಹಾಕಿ ಆ ಕೊರಡಿಗೆ ಕಿವಿ ಇಟ್ಟು ಕೂರುತ್ತೇನೆ. ಒಳಗೆ ಸಣ್ಣಗೆ ಟಕಟಕ ಅನ್ನುತ್ತದೆ. ಈ ಮನೆಯಲ್ಲಿ ನನ್ನನ್ನು ಬಿಟ್ಟರೆ ಅಲುಗಾಡುವುದು ಅದೊಂದೇ. ನೀನು ಅದನ್ನು ಅರೆಯಬೇಕು ಎನ್ನುತ್ತೀಯ.

ಆಸ್ಪತ್ರೆಯಲ್ಲಿ ಒಂದು ಮಧ್ಯಾಹ್ನ ನಿನ್ನ ಅಣ್ಣ ಹೇಳಿದ್ದರು, ಇರುವೆ ಜೇನುಗಳಲ್ಲಿ ಗಂಡು ಒಂದು ಸಲ ಕೂಡಿ ಸತ್ತುಹೋಗುತ್ತದೆ, ರಾಣಿ ಉಳಿದ ಆಯುಷ್ಯವೆಲ್ಲ ಒಂಟಿ. "ಗೆದ್ದಲು ಹಾಗಲ್ಲ ಕಣೇ. ಇಬ್ರೂ ರೆಕ್ಕೆ ಉದುರಿಸ್ಕೊಂಡು ಒಟ್ಟಿಗೆ ಮರ ಕೊರೆದು ಒಳಗೆ ಹೋಗಿ ಬಾಗಿಲು ಮುಚ್ಕೋತಾರೆ. ರಾಜ ಕೊನೇವರೆಗೂ ಪಕ್ಕದಲ್ಲೇ ಇರ್ತಾನೆ. ಅದು ಜಿರಳೆ ಕಾಲದಿಂದ ಬಂದ ಅಭ್ಯಾಸ." ನಾನು, "ಸದ್ಯ, ಜಿರಳೆಗಾದ್ರೂ ಆ ಬುದ್ಧಿ ಇದೆಯಲ್ಲ" ಎಂದೆ. ಬಹಳ ನಕ್ಕರು, ಕೆಮ್ಮು ಬರುವಷ್ಟು. ಅದಾಗಿ ತಿಂಗಳು ತುಂಬಲಿಲ್ಲ, ನನ್ನ ರಾಜ ಎದ್ದು ಹೋಗೇಬಿಟ್ಟರು. ನನಗೆ ಅವರ ಮೇಲೆ ಸಿಟ್ಟಿದೆ ಗುಬ್ಬಿ. ಹೇಳಿಕೊಳ್ಳಲು ಬೇರೆ ಯಾರೂ ಇಲ್ಲದ್ದಕ್ಕೆ ನಿನಗೆ ಹೇಳುತ್ತಿದ್ದೇನೆ.

ಅತ್ತಿಗೆ


ಮಾರ್ಚ್ 3

ಅತ್ತಿಗೆ,

ಕೊರಡು ಕಳಿಸಬೇಡಿ. ಸೀಸೆಯೂ ಬೇಡ. ಆ ಸಂಜೆಯ ಬಗ್ಗೆ ಮಾತ್ರ ಬರೆಯುತ್ತೇನೆ.

ಅಮ್ಮ ಹಾಸಿಗೆ ಹಿಡಿದಾಗ ನನಗೆ ನಾಲ್ಕು ವರ್ಷ, ಅಣ್ಣನಿಗೆ ಹದಿನೈದು. ಅನ್ನ ಮೆದುವಾಗಿ ಹಿಸುಕಿ ಬಾಯಿಗಿಡುತ್ತಿದ್ದವನು ಅವನೇ. ದೊಡ್ಡವಳಾದ ಮೇಲೆ ನನ್ನನ್ನು ಛೇಡಿಸುತ್ತಿದ್ದ: "ಗೆದ್ದಲು ಮರಿ ಥರ ನೀನು. ಮರ ತಿನ್ನುತ್ತೆ, ಆದ್ರೆ ಅರಗಿಸೋ ಶಕ್ತಿ ಅದರದ್ದಲ್ಲ. ಹೊಟ್ಟೇಲಿರೋ ಕಣ್ಣಿಗೆ ಕಾಣದ ಜೀವಿಗಳದ್ದು. ಅವನ್ನ ಹಿರಿಯರು ಉಣಿಸಬೇಕು." ಒಣಮರದ ಗೆದ್ದಲು ಪ್ರತಿ ಸಲ ಪೊರೆ ಬಿಟ್ಟಾಗಲೂ ಹೊಟ್ಟೆಯೊಳಗಿನದೆಲ್ಲ ಹೊರಟುಹೋಗುತ್ತದಂತೆ. ಮತ್ತೆ ಯಾರಾದರೂ ಉಣಿಸದಿದ್ದರೆ ತುಂಬಿದ ಮರದ ನಡುವೆ ಕೂತೇ ಹಸಿವಿನಿಂದ ಸಾಯುತ್ತದೆ. ಅದಕ್ಕೇ ಅವು ಬಿಟ್ಟು ಹೋಗಲಾರದೆ ಒಟ್ಟಿಗೆ ಉಳಿದವು, ಮನೆ ಅನ್ನುವುದು ಹುಟ್ಟಿದ್ದೇ ಹಾಗೆ ಎಂದು ಅವನ ವಾದ. ಇದನ್ನು ಒಪ್ಪದವರೂ ಇದ್ದಾರೆ. ನಾನು ಒಪ್ಪಿದ್ದೆ.

ಅವನನ್ನು ಕಳಿಸಿ ಬಂದ ಸಂಜೆ ನನ್ನ ಹೊಟ್ಟೆಯೊಳಗೂ ಏನೂ ಉಳಿದಿರಲಿಲ್ಲ. ನಿಮ್ಮ ಮುಖ ನೋಡಿದರೆ ಅಲ್ಲೇ ಕುಸಿದುಬಿಡುತ್ತಿದ್ದೆ. ಅವನದೇನಾದರೂ ಬದುಕಿರುವುದು ಬೇಕಿತ್ತು, ಕೊರಡು ಕೇಳಿದೆ. ನಿಮಗೂ ಅದೇ ಬೇಕಾಗಿರಬಹುದು ಎಂದು ಹೊಳೆಯಲಿಲ್ಲ. ನನ್ನ ಆ ಮಾತನ್ನು ಹೊಟ್ಟೆಗೆ ಹಾಕಿಕೊಳ್ಳಿ.

ಊಟ ಮಾಡುತ್ತಿದ್ದೀರಾ?

ಗುಬ್ಬಿ


ಮಾರ್ಚ್ 22

ಗುಬ್ಬಿ,

ಮಾಡುತ್ತಿದ್ದೇನೆ. ನರ್ಸಮ್ಮನ ಜೊತೆ ಕೂತು ಮಾಡುತ್ತೇನೆ, ಅವರೊಬ್ಬರೇ ಉಂಡರೆ ಅರ್ಧ ತಟ್ಟೆ ಬಿಡುತ್ತಾರೆ.

ನಿನ್ನ ಕಾಗದ ಬಂದ ಭಾನುವಾರ ಅವರಿಗೆ ಎಲ್ಲ ಹೇಳಿಬಿಟ್ಟೆ. ಬೆನ್ನಿಗೆ ಎಣ್ಣೆ ಹಚ್ಚುತ್ತಿದ್ದೆ, ಮುಖ ನೋಡುವ ಹಾಗಿರಲಿಲ್ಲವಲ್ಲ, ಅದಕ್ಕೇ ಧೈರ್ಯ ಬಂದಿರಬೇಕು. ಕೊರಡು, ಪೆಟ್ಟಿಗೆಯ ಮುಚ್ಚಳ, ದೀಪದ ಸುತ್ತಲಿನ ರೆಕ್ಕೆ, ಒಂದೂ ಬಿಡಲಿಲ್ಲ.

ಅವರು ಕೇಳಿದರು, "ಇದನ್ನ ಹೊತ್ಕೊಂಡು ಇಷ್ಟು ದಿನ ನನ್ನ ಮೈ ಒರೆಸ್ದೆಯಾ?"

"ಹೂಂ."

"ನನ್ನ ಮೇಲಿನ ಪ್ರೀತಿಗೋ, ತಪ್ಪಿತಸ್ಥೆ ಅಂತಲೋ?"

"ಗೊತ್ತಿಲ್ಲ ನರ್ಸಮ್ಮ."

"ಎಡಗಡೆ ಸ್ವಲ್ಪ ಹಚ್ಚು, ಒಣಗಿದೆ." ಹಚ್ಚಿಸಿಕೊಳ್ಳುತ್ತಲೇ, "ನಿನ್ನ ಗಂಡ ತಂದಿದ್ರೆ ನನಗೆ ಸಿಟ್ಟು ಬರುತ್ತೆ. ಸತ್ತೋರ ಮೇಲೆ ಸಿಟ್ಟು ಮಾಡ್ಕೊಳ್ಳೋಕೆ ನನಗೇನು ಹೆದರಿಕೆ ಇಲ್ಲ. ಆದ್ರೆ ಸುಮ್ಸುಮ್ನೆ ಮಾಡ್ಕೊಳ್ಳಲ್ಲ. ತಿಳ್ಕೋಬೇಕು. ಆ ಹುಡುಗಿಗೆ ಕಳ್ಸು" ಎಂದರು.

ಮೆಟ್ಟಿಲಿನ ಹುಳ ಹಿಡಿಯುವುದು ಕಷ್ಟವಾಗಲಿಲ್ಲ. ಕೊರಡಿನ ಹತ್ತಿರ ಕೂತರೆ ಕೈ ಏಳಲಿಲ್ಲ. ಕೊನೆಗೆ ಅದನ್ನು ಟವೆಲಿನಲ್ಲಿ ಸುತ್ತಿ ನರ್ಸಮ್ಮನ ಮಂಚಕ್ಕೇ ಒಯ್ದೆ. ಕುಂಚದ ತುದಿಯಿಂದ ಒಂದೊಂದಾಗಿ ಎತ್ತಿ ಸೀಸೆಗೆ ಹಾಕಿದವರು ಅವರೇ. ಅನ್ನದ ಅಗುಳಿನ ಹಾಗೆ ಬಿಳಿ, ಮೆತ್ತಗೆ. ಕಾವಲಿನದು ಒಂದೂ ಸಿಗಲಿಲ್ಲ. "ಎಷ್ಟು ಜನರನ್ನ ಈ ಲೋಕಕ್ಕೆ ತಂದಿದೀನಿ, ನಾಲ್ಕು ಹುಳ ಕಳಿಸಿದ್ರೆ ಪಾಪ ಬರಲ್ಲ" ಎಂದರು. ಹಾಗೆಂದರೂ ಪ್ರತಿಯೊಂದನ್ನೂ ಎತ್ತುವಾಗ ಏನೋ ಗುನುಗುತ್ತಿದ್ದರು. ಏನೆಂದು ನಾನು ಕೇಳಲಿಲ್ಲ.

ಕೆಂಪು ದಾರ ಕಟ್ಟಿದ್ದು ಮೆಟ್ಟಿಲು, ಬಿಳಿ ದಾರದ್ದು ಕೊರಡು. ಏನು ಬಂದರೂ ಇದ್ದದ್ದು ಇದ್ದ ಹಾಗೆ ಬರೆ. ನನಗೆ ಹಿತವಾಗಲಿ ಎಂದು ಓರೆಕೋರೆ ತಿದ್ದಬೇಡ.

ಅತ್ತಿಗೆ


ಮೇ 6

ಅತ್ತಿಗೆ,

ಇದ್ದದ್ದು ಇದ್ದ ಹಾಗೆ ಬರೆಯುತ್ತಿದ್ದೇನೆ.

ಕೆಂಪು ದಾರ, ಬಿಳಿ ದಾರ, ಎರಡೂ ಒಂದೇ ಮನೆತನ. ದ್ವೀಪದ್ದಲ್ಲ. ಹಡಗು, ಮೇಜು, ಮಂಚ, ಬಾಗಿಲುಗಳೊಳಗೆ ಕೂತು ಲೋಕವೆಲ್ಲ ಹರಡಿದ, ನಮ್ಮ ಮ್ಯೂಸಿಯಂನ ಎಷ್ಟೋ ಸೀಸೆಗಳಲ್ಲಿರುವ ಊರ ಗೆದ್ದಲು. ಮೆಟ್ಟಿಲಿನವು ಹಳೆಯ ದೊಡ್ಡ ಸಂಸಾರ. ಕೊರಡಿನವು ಅದೇ ಸಂಸಾರದಿಂದ ಹಾರಿಬಂದ ಒಂದು ಜೋಡಿಯ ಮಕ್ಕಳು. ನಂಬಿಕೆ ಬರದೆ ಮೊದಲಿನಿಂದ ಮತ್ತೆ ಮಾಡಿ ನೋಡಿದೆ. ಅದೇ ಬಂತು.

ಆ ಬೆಳಿಗ್ಗೆ ದೀಪದ ಸುತ್ತ ಉದುರಿದ್ದ ರೆಕ್ಕೆಗಳು ಕೊರಡಿನಿಂದ ಹೊರಗೆ ಬಂದವುಗಳದ್ದಲ್ಲ. ಮೆಟ್ಟಿಲಿನಿಂದ ದೀಪದ ಬೆಳಕಿಗೆ ಬಂದು, ರೆಕ್ಕೆ ಕಳಚಿ, ಕೊರಡಿನ ಒಳಗೆ ಹೋದವುಗಳದ್ದು. ಅಣ್ಣ ಚಪ್ಪಾಳೆ ತಟ್ಟಿದ್ದು ಅದಕ್ಕೆ.

ನರ್ಸಮ್ಮನಿಗೆ ಹೇಳಿ, ಮೆಟ್ಟಿಲು ಮುರಿದದ್ದರಲ್ಲಿ ಅಣ್ಣನ ಪಾಲು ಏನೂ ಇಲ್ಲ. ಅವನು ಆ ಮನೆಗೆ ಬರುವ ಮೊದಲೇ ಅದು ಟೊಳ್ಳಾಗತೊಡಗಿತ್ತು. ಮಾಲೀಕ ಬಾಯಿ ಮುಚ್ಚಿಕೊಳ್ಳಲಿ. ಬೇಕಿದ್ದರೆ ಮ್ಯೂಸಿಯಂ ಮೊಹರು ಹಾಕಿ ಬರೆದುಕೊಡುತ್ತೇನೆ.

ಇನ್ನು ನನ್ನ ಕೆಲಸ. ಕೊರಡಿನಲ್ಲಿ ಜೀವಂತ ಇದ್ದದ್ದು ದ್ವೀಪದ ಗೆದ್ದಲು ಎಂದು ಅಣ್ಣ ಕೊನೆಯ ವರ್ಷ ಬರೆದು ಪ್ರಕಟಿಸಿದ್ದನಲ್ಲ, ಅದು ತಪ್ಪೆಂದು ನಾನೇ ಬರೆಯಬೇಕು. ಬೇರೆಯವರು ನಗುತ್ತಾ ಬರೆಯುವ ಮೊದಲು ನಾನು ಬರೆಯುತ್ತೇನೆ. ನಿನ್ನೆ ಮೊದಲ ಸಾಲು ಬರೆದೆ, ಎದ್ದು ಹೋಗಿ ಸೀಸೆ ಕಪಾಟುಗಳ ನಡುವೆ ನಿಂತು ಅತ್ತೆ. ನಮ್ಮ ಕಾವಲುಗಾರ ದೀಪ ಆರಿಸಲು ಬಂದವನು ನೋಡಿ, ಆರಿಸದೆ ವಾಪಸ್ ಹೋದ.

ನೀವು ಗೆದ್ದಿರಿ ಅತ್ತಿಗೆ. ಇದನ್ನು ಸಿಟ್ಟಿನಿಂದ ಹೇಳುತ್ತಿಲ್ಲ.

ಗುಬ್ಬಿ


ಮೇ 25

ಗುಬ್ಬಿ,

ಗೆದ್ದವರು ಕೂತು ಅಳುತ್ತಾರೆಯೇ? ನಿನ್ನ ಕಾಗದ ಹಿಡಿದುಕೊಂಡು ಆ ಮೆಟ್ಟಿಲ ಮೇಲೇ ಕೂತಿದ್ದೆ.

ನರ್ಸಮ್ಮನಿಗೆ ಓದಿ ಹೇಳಿದೆ. "ಹಾಗಾದ್ರೆ ಸಿಟ್ಟು ಮಾಡ್ಕೊಳ್ಳೋಕೆ ಬೇರೆ ಜನ ಹುಡುಕ್ಬೇಕು" ಎಂದು ನಕ್ಕರು. ಹುಡುಕುವ ಶ್ರಮ ಬೀಳಲಿಲ್ಲ. ಬಡಗಿ ಉಳಿದ ಮೆಟ್ಟಿಲು ಕಿತ್ತಾಗ ತೂತುಗಳಲ್ಲಿ ಮೇಣ, ಮರದ ಹೊಟ್ಟು ಕಲಸಿ ತುಂಬಿ ಮೇಲೆ ಬಣ್ಣ ಬಳಿದಿರುವುದು ಸಿಕ್ಕಿತು. ಒಂದರ ಮೇಲೊಂದು ಹಳೆಯ ಬಣ್ಣದ ಪದರಗಳು, ನಾವು ಬಾಡಿಗೆಗೆ ಬರುವ ಮೊದಲಿನ ಹಸಿರು ಬಣ್ಣವೂ ಅದರಲ್ಲಿದೆ. ಮಾಲೀಕನನ್ನು ಮಂಚದ ಹತ್ತಿರ ಕರೆಸಿ ನರ್ಸಮ್ಮ ಆ ಹಲಗೆಯನ್ನು ಅವನ ತೊಡೆಯ ಮೇಲಿಟ್ಟರು. "ನಿನ್ನಮ್ಮನಿಗೆ ಹೆರಿಗೆ ಮಾಡ್ಸಿದ್ದು ನಾನೇ. ಅವತ್ತು ಅಳಲೇ ಇಲ್ಲ ನೀನು, ಎರಡು ಏಟು ಕೊಟ್ಟಿದ್ದೆ. ಇವತ್ತೂ ಕೊಡ್ಬೇಕಾ?" ಹುಳದ ಮೇಷ್ಟ್ರು ಎಂಬ ಮಾತು ಆಮೇಲೆ ಅವನ ಬಾಯಲ್ಲಿ ಬಂದಿಲ್ಲ. ಹೊಸ ಮೆಟ್ಟಿಲು ಕಲ್ಲಿನದು.

ಮನೆಯನ್ನೆಲ್ಲ ಬಿಸಿಗಾಳಿಯಿಂದ ಶುದ್ಧಮಾಡುವವರು ಬರುತ್ತಾರೆ, ಹುಳವಿರುವ ಮರವೆಲ್ಲ ಹೊರಗೆ ಹೋಗಬೇಕು. ಅವರ ಕೈಗೆ ಕೊರಡು ಕೊಡಲು ಮನಸ್ಸಾಗಲಿಲ್ಲ. ಅಂಗಡಿಯಲ್ಲಿ ಗಾಜಿಗೆ ಬಣ್ಣ ಕೂರಿಸುವ ಒಲೆ ಇದೆ. ನಾನೇ ಅದರಲ್ಲಿಟ್ಟು ಬಾಗಿಲು ಹಾಕಿದೆ. ಊರ ಹುಳವೆಂದು ಗೊತ್ತಾದ ಮೇಲೂ ಒಲೆಯ ಮುಂದಿನಿಂದ ಏಳಲಿಲ್ಲ ಗುಬ್ಬಿ. ಇಷ್ಟು ದಿನ ಕಿವಿ ಇಟ್ಟು ಕೇಳಿದ ಸದ್ದಲ್ಲವೇ. ಸಂಜೆ ತೆಗೆದು ಕಿವಿಗೆ ಹಿಡಿದೆ, ಏನೂ ಕೇಳಲಿಲ್ಲ.

ಗೆದ್ದಲು ಕಟ್ಟಿದ ಹುತ್ತ ಹಾವಿನ ಪಾಲಾಯಿತು ಎನ್ನುತ್ತಾರೆ. ಇಲ್ಲಿ ಗೆದ್ದಲಿನ ಮನೆ ಗೆದ್ದಲಿಗೇ ಪಾಲಾಯಿತು. ಹಾಗಾದರೆ ಮೊದಲು ಕೊರೆದವು ಎಲ್ಲಿ ಹೋದವು? ಅವರು ದ್ವೀಪದಿಂದ ತಂದದ್ದಂತೂ ಸುಳ್ಳಲ್ಲ. ಕೊರಡನ್ನು ನಿನಗೇ ಕಳಿಸುತ್ತಿದ್ದೇನೆ. ನೀನು ಕೇಳಿದ್ದಕ್ಕಲ್ಲ, ನನಗೆ ತಿಳಿಯಬೇಕು. ನಿನ್ನ ಕೈಯಾರೆ ಸೀಳು.

ಅತ್ತಿಗೆ


ಜೂನ್ 30

ಅತ್ತಿಗೆ,

ಸೀಳಿದೆ. ಆರಾಮವಾಗಿ ಕೂತು ಓದಿ.

ಹೊರಗಿನ ಸುರಂಗಗಳಲ್ಲೆಲ್ಲ ಊರ ಹುಳಗಳೇ, ನಿಮ್ಮ ಒಲೆಯಲ್ಲಿ ಹೋದವು. ತಿರುಳಿನ ಹತ್ತಿರ ಒಂದು ಹಳೆಯ ಸುರಂಗ ಮಾತ್ರ ಅವುಗಳಿಗೆ ಸಿಕ್ಕಿಲ್ಲ. ಅದರ ಬಾಯಿಯಲ್ಲಿ ಕಪ್ಪಗೆ ಏನೋ ಸಿಕ್ಕಿಕೊಂಡಿತ್ತು. ಗಂಟು ಅಂದುಕೊಂಡೆ. ಸೂಜಿ ತಾಗಿಸಿ ಸೂಕ್ಷ್ಮದರ್ಶಕದಡಿ ನೋಡಿದರೆ ತಲೆ. ಕಾವಲಿನ ಹುಳದ ತಲೆ. ಹಣೆಯ ಮೇಲೆ ಎರಡು ಗುಬುಟು. ತಲೆ ಎತ್ತಿ ಅಣ್ಣನ ಚಿತ್ರ ನೋಡಿದೆ, ಮತ್ತೆ ಅದನ್ನು ನೋಡಿದೆ. ದೇಹ ಎಂದೋ ಒಣಗಿ ಉದುರಿಹೋಗಿದೆ, ತಲೆ ಮಾತ್ರ ಬಾಗಿಲು ಬಿಟ್ಟುಕೊಟ್ಟಿಲ್ಲ.

ಅದರ ಹಿಂದೆ ಕಡಲೆಕಾಳು ಹಿಡಿಸುವಷ್ಟು ಒಂದು ಕೋಣೆ. ಅಲ್ಲಿ ರಾಜ, ರಾಣಿ. ಒಣಗಿ ಕಂದು ಬಣ್ಣಕ್ಕೆ ತಿರುಗಿದ್ದಾರೆ, ಅಕ್ಕಪಕ್ಕದಲ್ಲೇ ಇದ್ದಾರೆ. ಪ್ರಯಾಣದಲ್ಲೋ, ಲ್ಯಾಬಿನ ಒಣ ಗಾಳಿಗೋ, ಯಾವಾಗ ಸತ್ತರೋ ತಿಳಿಯದು. ಅಣ್ಣ ತಂದದ್ದು ಇವರನ್ನು. ಅವನಿಗೆ ಕಾಣಿಸದೆ ಒಳಗೇ ಇದ್ದರು.

ಹೀಗೆ ಒಣಗಿದವುಗಳಿಂದಲೂ ಒಮ್ಮೊಮ್ಮೆ ವಂಶವಾಹಿ ಸಿಗುತ್ತದೆ. ಒಲೆಯ ಬಿಸಿಗೆ ಅದು ಹಾಳಾಗಿರಲಿಕ್ಕಿಲ್ಲ. ಸಿಕ್ಕರೆ ಇವರ ಮನೆತನ ಯಾವಾಗ ಬೇರೆಯಾಯಿತು, ಹಡಗಿನಲ್ಲಿ ಬಂದರೋ ತೇಲಿಬಂದರೋ ಎನ್ನುವುದು ಗೊತ್ತಾಗಬಹುದು. ಸಿಗದೆಯೂ ಹೋಗಬಹುದು. ಆದರೆ ಅರೆಯಬೇಕು, ಅರೆದ ಮೇಲೆ ಏನೂ ಉಳಿಯುವುದಿಲ್ಲ. ಹೋದ ಸಲ ನಿಮ್ಮ ಮನಸ್ಸು ತಿಳಿಯದೆ ನನ್ನದೇ ಎನ್ನುವ ಹಾಗೆ ಕೇಳಿದ್ದೆ. ಈ ಸಲ ನೀವು ಹೇಳಿದ ಮೇಲೆಯೇ ಮುಟ್ಟುತ್ತೇನೆ.

ಒಂದು ಸಾಕು, ಇನ್ನೊಂದನ್ನು ಅಣ್ಣನ ಹೆಸರು ಬರೆದು ಡ್ರಾಯರಿನಲ್ಲಿ ಜೋಪಾನವಾಗಿ ಇಡುತ್ತೇನೆ. ಬೇಡವೆಂದರೆ ಇಬ್ಬರನ್ನೂ ಹಾಗೇ ಇಡುತ್ತೇನೆ.

ನಿಮ್ಮ
ಗುಬ್ಬಿ


ಜುಲೈ 19

ಗುಬ್ಬಿ,

ನಿನ್ನ ಕಾಗದ ಅಂಗಡಿಯಲ್ಲಿ ಓದಿದೆ. ಲೂಪ್ ಕಣ್ಣಿಗಿತ್ತು, ತೆಗೆಯುವುದನ್ನು ಮರೆತು ಓದಿದೆ, ಒಂದೊಂದು ಅಕ್ಷರವೂ ದೊಡ್ಡದಾಗಿ ಕಂಡಿತು.

ಅರೆಯುವುದು ನನ್ನ ಕಸುಬೂ ಹೌದಲ್ಲ. ಅರೆದ ಗಾಜನ್ನು ಮತ್ತೆ ದಪ್ಪ ಮಾಡಲು ಬರುವುದಿಲ್ಲ. ಹೊಸದಾಗಿ ಸೇರಿದವರು ಅದೇ ಭಯದಲ್ಲಿ ಕೈ ಹಿಂದೆಗೆಯುತ್ತಾರೆ. ಅರೆಯದ ಗಾಜಿನಿಂದ ಯಾರಿಗೂ ಏನೂ ಕಾಣುವುದಿಲ್ಲ ಎಂದು ಅವರಿಗೆ ನಾನೇ ಹೇಳಿಕೊಡುತ್ತೇನೆ. ಅರೆ. ನಿನ್ನ ಅಣ್ಣ ಇದ್ದಿದ್ದರೆ ನನ್ನನ್ನು ಕೇಳುತ್ತಲೂ ಇರಲಿಲ್ಲ.

ಉತ್ತರ ಬರಲಿ, ಬಾರದಿರಲಿ, ಅದನ್ನು ಬರೆದು ಕಳಿಸಬೇಡ. ನೀನೇ ಬಂದು ಹೇಳು. ನರ್ಸಮ್ಮ ಕೋಲು ಹಿಡಿದು ಬಾಗಿಲವರೆಗೆ ನಡೆಯುತ್ತಾರೆ. ಹುಳ ಅರೆಯುವ ಹುಡುಗಿಯನ್ನು ನೋಡಬೇಕಂತೆ. ಅವರ ಕೋಣೆಯಲ್ಲಿ ಕೂತು ಮೂವರೂ ಉಣ್ಣೋಣ. ಈ ಸಲ ಬಾಗಿಲಲ್ಲಿ ನಿಂತು ನೀನು ಏನು ಕೇಳಿದರೂ ನಾನು ಬೇಸರ ಮಾಡಿಕೊಳ್ಳುವುದಿಲ್ಲ.

ಕಾವಲಿನವನ ತಲೆಯನ್ನು ಮಾತ್ರ ಮುಟ್ಟಬೇಡ. ನಿನ್ನ ಅಣ್ಣ ಬರೆದ ಚಿತ್ರದ ಪಕ್ಕದಲ್ಲಿಡು.

ಇನ್ನು ಆ ಜೋಡಿ. ಒಂದನ್ನು ಅರೆದು ಇನ್ನೊಂದನ್ನು ಡ್ರಾಯರಿನಲ್ಲಿ ಜೋಪಾನವಾಗಿ ಇಡುತ್ತೇನೆ ಎಂದು ಬರೆದಿದ್ದೀಯ. ಹಾಗೆ ಮಾಡಬೇಡ, ಇಬ್ಬರನ್ನೂ ಅರೆ. ಒಂದೇ ಉಳಿದರೆ ಹೇಗಿರುತ್ತದೆ ಎಂದು ನನಗೆ ಗೊತ್ತು.

ನಿನ್ನ ದಾರಿ ನೋಡುತ್ತಿರುವ
ಅತ್ತಿಗೆ